ಗುರುಮಲ್ಲಮ್ಮ ಮಡಿಲಕ್ಕಿಯ ಗಂಟು ಬಿಚ್ಚಿದ್ದು

ಮಗಳ ಮನೆಗೆ ಹೊರಟ ತಾಯಿಯ ಚೀಲ ಎಂದಾದರೂ ಹಗುರವಾಗಿದ್ದುಂಟೇ? ಪಕ್ಕದ ಹರವೆಗೆ ಹೋದರೂ ಒಂದು ಚೀಲ, ನಂಜನಗೂಡಿಗೆ ಹೋದರೆ ಎರಡು ಚೀಲ. ಉಡಿಗಾಲದ ಗುರುಮಲ್ಲಮ್ಮ ಹೊರಟಿದ್ದು ಆಸ್ಟ್ರೇಲಿಯಾಕ್ಕೆ. ಅಂದಮೇಲೆ ಅವರ ಮನೆಯ ಪಡಸಾಲೆ ಆ ದಿನ ಹೇಗಿತ್ತು ಅನ್ನುವುದನ್ನು ನೀವೇ ಊಹಿಸಿಕೊಳ್ಳಿ.

ಅವರ ಮಗಳು ಶಿವರಂಜನಿ ಮೆಲ್ಬರ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಸೋಮೇಶ್ ಅದೇ ಊರಲ್ಲಿ ಸಿಟಿ ಬಸ್ ಓಡಿಸುತ್ತಾನೆ. ಮದುವೆಯಾಗಿ ಏಳು ವರ್ಷ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಈಗ ಮೂರನೆಯದಕ್ಕೆ ಒಂಬತ್ತು ತಿಂಗಳು ತುಂಬುತ್ತಿತ್ತು. ಎಷ್ಟೋ ಜನರ ಹೆರಿಗೆ ಮಾಡಿಸಿದ ಹುಡುಗಿ ತನ್ನ ಸರದಿ ಬಂದಾಗ ಹೆದರಿಬಿಟ್ಟಿದ್ದಳು. “ಅವ್ವಾ, ನೀನೊಬ್ಳು ಪಕ್ಕದಲ್ಲಿರು ಸಾಕು. ನಂಗೆ ಇನ್ನೇನೂ ಬ್ಯಾಡ” ಎಂದು ಫೋನಿನಲ್ಲಿ ಅತ್ತಿದ್ದಳು.

ಗಂಡ ಗುರುಪಾದಸ್ವಾಮಿ ಹೋಗುವಂತಿರಲಿಲ್ಲ. ಹೊಲದಲ್ಲಿ ಅರಿಸಿನ ಕೀಳುವ ಕಾಲ. ಕಿತ್ತದ್ದನ್ನು ಬೇಯಿಸಬೇಕು, ಒಣಗಿಸಬೇಕು. ಹಾಗಾಗಿ, ಚಾಮರಾಜನಗರ ದಾಟಿ ಒಂಟಿಯಾಗಿ ಬಸ್ಸನ್ನೂ ಹತ್ತದಿದ್ದ ಗುರುಮಲ್ಲಮ್ಮ, ಐವತ್ತೆಂಟನೇ ವಯಸ್ಸಿನಲ್ಲಿ ಒಬ್ಬರೇ ವಿಮಾನ ಹತ್ತುತ್ತೇನೆ ಅಂದರು. ಆ ಧೈರ್ಯವನ್ನು ಮೆಚ್ಚಲೇಬೇಕು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಎರಡು ದೊಡ್ಡ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದ್ದವು. ಬಾಣಂತಿ ಖಾರದ ಪುಡಿ, ಒಣಶುಂಠಿ, ಮೆಣಸು, ಬೆಲ್ಲ, ತುಪ್ಪದಲ್ಲಿ ಕಟ್ಟಿದ ಅಂಟಿನುಂಡೆ, ಸ್ಟೀಲ್ ಡಬ್ಬಿ ತುಂಬ ತುಪ್ಪ, ಹಾಲುಕೋವಾ, ಒಂದು ಕಟ್ಟು ಕರಿಬೇವು, ಸೇರು ಬಿತ್ತನೆ ಅವರೆಬೀಜ. ಗುಂಡ್ಲುಪೇಟೆಯ ತವರಿನಿಂದ ತಮ್ಮ ಕಳಿಸಿದ ಏಲಕ್ಕಿ ಬಾಳೆಯ ಚಿಪ್ಪು ಮೂರು. ಗುರುಪಾದಸ್ವಾಮಿ ಒಂದು ಸೂಟ್‌ಕೇಸಿನ ಮೇಲೆ ಹತ್ತಿ ಕೂತು ಜಿಪ್ ಎಳೆಯುತ್ತಿದ್ದರು. ಜಿಪ್ ಬರಲಿಲ್ಲ, ಅವರಿಗೆ ಮಾತ್ರ ಬೆವರು ಬಂತು.

ಅಷ್ಟರಲ್ಲಿ ಮೀನಾ ಒಳಗೆ ಬಂದಳು. ಕೆಳಗಿನ ಬೀದಿಯ ಮಾದಣ್ಣ, ದೊಡ್ಡಮಾದಮ್ಮನ ಮಗಳು. ಶಿವರಂಜನಿ ಜೊತೆ ಹರವೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಕೃಷಿ ಪದವಿ ಮಾಡಿ ಈಗ ಹರವೆಯ ರೈತ ಸಂಪರ್ಕ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಸ್ಕೂಟರ್ ಮೇಲೆ ಹೊಲಹೊಲ ಸುತ್ತಿ, ಎಲೆ ತಿರುವಿ ನೋಡಿ, ಇದು ಇಂಥ ರೋಗ ಎಂದು ಹೇಳುವ ಹುಡುಗಿ. ಅವಳನ್ನು ಕಂಡರೆ ಊರಿಗೇ ಒಂದು ಹೆಮ್ಮೆ.

ಮೀನಾ ಸೂಟ್‌ಕೇಸು ನೋಡಿದಳು. ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

“ಅಮ್ಮ, ಇದೆಲ್ಲ ಇಳಿದ್ಮೇಲೆ ಅಲ್ಲಿ ಅಧಿಕಾರಿಗಳಿಗೆ ತೋರ್ಸ್ತೀರಲ್ವಾ?”

“ಅವ್ರಿಗ್ಯಾಕಮ್ಮಿ ತೋರ್ಸದು? ಮಗ್ಳಿಗೆ ತೋರ್ಸ್ತೀನಿ” ಅಂದರು ಗುರುಮಲ್ಲಮ್ಮ.

“ಹಂಗಲ್ಲಮ್ಮ. ಆ ದೇಶಕ್ಕೆ ತಿನ್ನೋ ಪದಾರ್ಥ, ಬೀಜ, ಗಿಡ, ಹಾಲಿಂದು, ಮಾಂಸದ್ದು ಏನೇ ತಗೊಂಡೋದ್ರೂ ಮೊದ್ಲೇ ಹೇಳ್ಬೇಕು. ಒಂದು ಕಾರ್ಡ್ ಕೊಡ್ತಾರೆ, ಅದ್ರಲ್ಲಿ ಬರೀಬೇಕು. ಅದುನ್ನೇ ಡಿಕ್ಲೇರ್ ಮಾಡದು ಅನ್ನದು.”

ಗುರುಪಾದಸ್ವಾಮಿ ಸೂಟ್‌ಕೇಸಿನ ಮೇಲಿಂದ ಇಳಿಯಲಿಲ್ಲ. ಅಲ್ಲಿಂದಲೇ ಭಾಷಣ ಶುರುಮಾಡಿದರು.

“ಏನ್ ಮೀನಾ, ನಮ್ಮ ಮಗ್ಳಿಗೆ ನಾವು ಉಂಡೆ ಕೊಡಕ್ಕೂ ಇನ್ನೊಂದು ದೇಸದ ಸರ್ಕಾರದ ಅಪ್ಪಣೆ ಬೇಕಾ? ನಾವೇನ್ ಗಾಂಜಾ ಸಾಗುಸ್ತಾ ಇದ್ದೀವಾ? ನಮ್ ಮನೆ ತುಪ್ಪ ಕಣಮ್ಮಿ, ನಮ್ ಮನೆ ಹಸೀದು! ಎಲ್ರೂ ತಕ್ಕೊಂಡೋಯ್ತಾರೆ. ಸೀರೆ ಮಧ್ಯಕ್ಕೆ ಇಟ್ರೆ ಯಾರು ನೋಡ್ತಾರೆ, ಬುಡು.”

“ಎಕ್ಸ್‌ರೇ ನೋಡ್ತದೆ ಯಜಮಾನ್ರೇ. ನಾಯಿ ಮೂಸಿ ನೋಡ್ತದೆ. ಅದಕ್ಕೆ ಅಂತ್ಲೇ ತರಬೇತಿ ಕೊಟ್ಟಿರೋ ನಾಯಿ.”

“ನಮ್ ತುಪ್ಪ ಮೂಸಿದ್ರೆ ಆ ನಾಯಿ ಅಲ್ಲೇ ಕೂತ್ಬುಡ್ತದೆ!”

“ಕೂತ್ಕೊಳ್ಳದೇ ಅದ್ರ ಕೆಲ್ಸ ಯಜಮಾನ್ರೇ. ಅದು ಕೂತ ಚೀಲಾನೇ ಅಧಿಕಾರಿ ಬಿಚ್ಸೋದು” ಅಂದಳು ಮೀನಾ.

ಸ್ವಾಮಿಯವರ ಬಾಯಿಗೆ ಬೀಗ ಹಾಕುವುದು ಉಡಿಗಾಲದಲ್ಲಿ ಯಾರಿಗೂ ಸುಲಭವಲ್ಲ. ಮೀನಾ ಜಗಳಕ್ಕೆ ಹೋಗಲಿಲ್ಲ. ಒಂದು ಚಾಪೆ ಎಳೆದುಕೊಂಡು ಕೂತು ಮೆಲ್ಲಗೆ ಒಂದು ಪ್ರಶ್ನೆ ಕೇಳಿದಳು.

“ಯಜಮಾನ್ರೇ, ಮೂರು ವರ್ಷದ ಹಿಂದೆ ನಿಮ್ ಅರಿಸಿನಕ್ಕೆ ಗೆಡ್ಡೆ ಕೊಳೆ ಬಂತಲ್ಲ, ಎಲ್ಲಿಂದ ಬಂತು ಅದು?”

ಸ್ವಾಮಿಯವರ ಮುಖ ಸಪ್ಪಗಾಯಿತು. ಆ ವರ್ಷದ ಮಾತು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ತಮಿಳುನಾಡಿನ ಕಡೆಯಿಂದ, ಯಾರದೋ ಮಾತು ಕೇಳಿ, ಪರೀಕ್ಷೆ ಮಾಡಿಸದೆ ಬಿತ್ತನೆ ಗೆಡ್ಡೆ ತಂದಿದ್ದರು. ಎರಡು ಎಕರೆ ಅರಿಸಿನ ನೆಲದೊಳಗೇ ಕೊಳೆತು ನಾರಿತು. ಅದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮಳೆನೀರು ಹರಿದು ಪಕ್ಕದ ಬೆಟ್ಟಯ್ಯನ ಹೊಲಕ್ಕೂ ರೋಗ ಹೋಯಿತು. ಬೆಟ್ಟಯ್ಯ ಒಂದು ಮಾತೂ ಬೈಯಲಿಲ್ಲ. ಬದುವಿನ ಮೇಲೆ ಕೂತು ಕೊಳೆತ ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದ. ಬೈದಿದ್ದರೆ ಸ್ವಾಮಿಯವರಿಗೆ ಅಷ್ಟು ನೋವಾಗುತ್ತಿರಲಿಲ್ಲ.

“ತಂದ ಗೆಡ್ಡೇಲೇ ಬಂತು” ಅಂದರು ಸ್ವಾಮಿಯವರು. ಈಗ ದನಿ ಇಳಿದಿತ್ತು. “ನೋಡಕ್ಕೆ ಚಿನ್ನದಂಗಿತ್ತು ಕಣಮ್ಮಿ.”

“ರೋಗ ಕಣ್ಣಿಗೆ ಕಾಣ್ತಿತ್ತಾ?”

“ಕಾಣ್ತಿದ್ರೆ ತತ್ತಿದ್ನಾ?”

“ಅಷ್ಟೇ ಯಜಮಾನ್ರೇ. ಅವ್ರ ಭಯಾನೂ ಅಷ್ಟೇ. ನಮ್ ಕಡೆ ಇರೋ ಎಷ್ಟೋ ರೋಗ, ಹುಳ ಅಲ್ಲಿ ಇಲ್ಲ. ದನದ ಕಾಲುಬಾಯಿ ಜ್ವರ ಇಲ್ಲ. ಅದು ಬಂದ್ರೆ ಕೊಟ್ಟಿಗೆ ಹೆಂಗಾಯ್ತದೆ ಅಂತ ನಿಮಗೆ ನಾನು ಹೇಳ್ಬೇಕಾ? ಆ ರೋಗ ಹಾಲಲ್ಲಿ, ಮಾಂಸದಲ್ಲಿ ಕೂತ್ಕಂಡೂ ಹೋಗ್ಬಹುದು. ಒಂದು ಬೀಜದಲ್ಲಿ, ಒಂದು ಹಣ್ಣಲ್ಲಿ, ಚಪ್ಪಲಿಗೆ ಮೆತ್ತಿರೋ ಮಣ್ಣಲ್ಲಿ ಇನ್ನೊಂದು ಹೋಗ್ಬಹುದು. ಅಲ್ಲಿರೋರೂ ನಮ್ಮಂಗೆ ಬೇಸಾಯ ಮಾಡೋ ಜನ. ಅಲ್ಲೂ ಒಬ್ಬ ಬೆಟ್ಟಯ್ಯ ಇರ್ತಾನೆ.”

ಗುರುಮಲ್ಲಮ್ಮನಿಗೆ ತವರಿನ ನೆನಪಾಯಿತು. “ಹೂಂ ಕಣಮ್ಮಿ. ಕೇರಳದಲ್ಲಿ ಕೋಳಿಗೆ ಜ್ವರ ಬಂದಾಗ ಗುಂಡ್ಲುಪೇಟೆ ದಾಟಿದ್ಮೇಲೆ ಚೆಕ್‌ಪೋಸ್ಟಲ್ಲಿ ಲಾರಿ ನಿಲ್ಲಿಸಿ ಗಾಲಿಗೆ ಔಸ್ದಿ ಒಡೀತಾರೆ. ನನ್ ತಮ್ಮ ಯಾವಾಗ್ಲೂ ಏಳ್ತಾನೆ, ಒಡೀಲೇಬೇಕು ಅಂತ. ಅವ್ನು ಕೋಳಿ ಸಾಕವ್ನಲ್ಲ.”

“ಇದೂ ಅಂಥದ್ದೇ ಚೆಕ್‌ಪೋಸ್ಟ್ ಅಂದ್ಕೊಳಿ ಅಮ್ಮ. ವಿಮಾನದ್ದು ಅಷ್ಟೇ.”

“ಹೇಳ್ದೆ ಇದ್ರೆ ಏನಾಯ್ತದೆ?” ಸ್ವಾಮಿಯವರು ಸೂಟ್‌ಕೇಸಿನಿಂದ ಇಳಿದಿದ್ದರು.

“ಸಿಕ್ಕಿದ್ರೆ ಅಲ್ಲೇ ದಂಡ. ನಮ್ ದುಡ್ಡಲ್ಲಿ ಲಕ್ಷ ದಾಟಿದ್ರೂ ದಾಟ್ಬಹುದು. ದಂಡಕ್ಕಿಂತ ದೊಡ್ಡದು ಇನ್ನೊಂದದೆ. ವೀಸಾ ರದ್ದು ಮಾಡಿ ಏರ್‌ಪೋರ್ಟಿಂದಲೇ ವಾಪಸ್ ಕಳಿಸೋ ಅಧಿಕಾರ ಅವರಿಗದೆ. ಅಮ್ಮ ಅಲ್ಲೀಗಂಟ ಹೋಗಿ, ಮಗಳ ಮುಖಾನೂ ನೋಡ್ದೆ ತಿರುಗಿ ಬರ್ಬೇಕಾಯ್ತದೆ.”

ಗುರುಮಲ್ಲಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು.

“ಹೇಳಿದ್ರೆ?” ಎಂದರು.

“ಹೇಳಿದ್ರೆ ದಂಡ ಇಲ್ಲ, ಏನೂ ಇಲ್ಲ. ನೋಡ್ತಾರೆ. ಒಯ್ಯೋ ಹಂಗಿದ್ರೆ ಬಿಡ್ತಾರೆ, ಇಲ್ದಿದ್ರೆ ಆ ಸಾಮಾನು ಇಟ್ಕೋತಾರೆ. ಸಾಮಾನು ಹೋಗ್ಬಹುದು ಅಮ್ಮ, ನೀವು ಹೋಗಕ್ಕೆ ಅಡ್ಡಿ ಇಲ್ಲ.”

ಮುಂದಿನ ಎರಡು ಗಂಟೆ ಆ ಪಡಸಾಲೆಯಲ್ಲಿ ನಡೆದದ್ದು ನೋಡುವ ಹಾಗಿತ್ತು. ಮೀನಾ ಮೊಬೈಲಿನಲ್ಲಿ ಆ ದೇಶದ ಸರ್ಕಾರಿ ವೆಬ್‌ಸೈಟ್ ತೆಗೆದು ಒಂದೊಂದನ್ನೇ ಓದಿ ಹೇಳಿದಳು. ಬಾಳೆಹಣ್ಣು, ಕರಿಬೇವು, ಅವರೆಬೀಜ ಕೆಳಗಿಳಿದವು. ತುಪ್ಪ ಇಳಿಯಿತು, ತುಪ್ಪ ಸೇರಿದ್ದಕ್ಕೆ ಅಂಟಿನುಂಡೆಯೂ ಇಳಿಯಿತು. ಹಾಲುಕೋವಾ ಇಳಿದದ್ದೇ ತಡ, ಸ್ವಾಮಿಯವರು “ಇದ್ರ ವಿಲೇವಾರಿ ನಂಗೆ ಬುಡಿ” ಎಂದು ಡಬ್ಬಿ ಎತ್ತಿಕೊಂಡು ಜಗಲಿಗೆ ಹೋದರು. ಖಾರದ ಪುಡಿ, ಒಣಶುಂಠಿ, ಮೆಣಸು, ಬೆಲ್ಲ ಉಳಿದವು. ಬಿಡುತ್ತಾರೋ ಇಲ್ಲವೋ, ಹೇಳುವುದು ಮಾತ್ರ ಖಂಡಿತ ಎಂದಾಯಿತು. ಮೀನಾ ಒಂದು ಹಾಳೆಯ ಮೇಲೆ ಅವನ್ನೆಲ್ಲ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಳು.

“ಅಮ್ಮ, ಒಂದೇ ಲೆಕ್ಕ ನೆನಪಿಟ್ಕೊಳಿ. ಮಣ್ಣಲ್ಲಿ ಬೆಳ್ದಿದ್ದು, ದನಕರುವಿಂದ ಬಂದಿದ್ದು, ಏನಿದ್ರೂ ಹೇಳ್ಬೇಕು.”

“ಅಂಗಾರೆ ನನ್ ಈಬೂತಿ?” ಗುರುಮಲ್ಲಮ್ಮ ಪೂಜೆಯ ಡಬ್ಬಿ ತಂದರು. “ಸಗಣೀದಲ್ವಾ.”

ಮೀನಾ ಅವರನ್ನೇ ನೋಡಿದಳು. ಇಷ್ಟು ಹೊತ್ತು ತನಗೇ ಹೊಳೆಯದ್ದು ಓದು ಬರಹ ಅಷ್ಟಾಗಿ ಇಲ್ಲದ ಈ ಹೆಂಗಸಿಗೆ ಹೊಳೆದಿತ್ತು. “ಬರೀತೀನಿ ಅಮ್ಮ” ಎಂದು ವಿಭೂತಿಯನ್ನೂ ಸೇರಿಸಿದಳು. “ಇನ್ನೇನಾದ್ರೂ ಅದಾ?”

“ಇನ್ನೇನೂ ಇಲ್ಲ ಕಣಮ್ಮಿ.”

ಇಲ್ಲಿ ಗುರುಮಲ್ಲಮ್ಮ ಒಂದು ತಪ್ಪು ಮಾಡಿದರು. ನಮ್ಮ ಕಡೆಯ ಯಾವ ತಾಯಿಯೂ ಮಾಡಬಹುದಾದ ತಪ್ಪು.

ಸೂಟ್‌ಕೇಸಿನ ತಳದಲ್ಲಿ, ಹಸಿರು ರೇಷ್ಮೆ ಸೀರೆಯ ಮಡಿಕೆಯೊಳಗೆ, ಕುಪ್ಪಸದ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟಿತ್ತು. ಮಡಿಲಕ್ಕಿ. ಶಿವರಂಜನಿಗೆ ತವರಲ್ಲಿ ಬಸುರಿ ಶಾಸ್ತ್ರ ಆಗಲಿಲ್ಲವಲ್ಲ ಎಂದು ಬೀದಿಯ ಹೆಂಗಸರೆಲ್ಲ ಬೆಳಿಗ್ಗೆಯೇ ಬಂದು ಆ ಬಟ್ಟೆಗೆ ಒಂದೊಂದು ಹಿಡಿ ಅಕ್ಕಿ ಹಾಕಿದ್ದರು. ಕೊಬ್ಬರಿ ಗಿಟುಕು, ಅಡಿಕೆ, ವೀಳ್ಯದೆಲೆ ಇಟ್ಟಿದ್ದರು. ಮೀನಾಳ ತಾಯಿ ದೊಡ್ಡಮಾದಮ್ಮ ಹೊಲದಿಂದ ಆಗತಾನೇ ಕಿತ್ತ ಐದು ಹಸಿ ಅರಿಸಿನದ ಕೊಂಬು ತಂದು, “ನಮ್ ರಂಜಿನಿ ಮಡ್ಲಿಗೆ ಕಣವ್ವ” ಎಂದು ಕಣ್ಣು ತುಂಬಿಕೊಂಡು ಇಟ್ಟಿದ್ದಳು. ಕೊಂಬಿಗೆ ಮೆತ್ತಿದ ಮಣ್ಣು ಕೂಡ ಆರಿರಲಿಲ್ಲ.

ತಿನ್ನುವ ಪದಾರ್ಥ ಏನಿದೆ ಎಂದು ಕೇಳಿದರೆ ಯಾವ ತಾಯಿ ಮಡಿಲಕ್ಕಿಯನ್ನು ಲೆಕ್ಕಕ್ಕೆ ಹಿಡಿಯುತ್ತಾಳೆ? ಅದು ತಿಂಡಿಯಲ್ಲ, ಹರಕೆ. ಅದನ್ನು ಸಾಮಾನಿನ ಪಟ್ಟಿಗೆ ಸೇರಿಸುವುದೇ ಅಪಚಾರ ಅನ್ನಿಸಿತು ಗುರುಮಲ್ಲಮ್ಮನಿಗೆ. ಸುಮ್ಮನೆ ಸೀರೆ ಸರಿಮಾಡಿದರು. ಈಗ ಜಿಪ್ ಸಲೀಸಾಗಿ ಬಂತು.

ಬೆಂಗಳೂರಲ್ಲಿ ಹತ್ತಿ, ನಡುವೆ ಒಂದು ಕಡೆ ಇಳಿದು ಇನ್ನೊಂದು ವಿಮಾನ ಹತ್ತಿದರು. ಪಕ್ಕದ ಸೀಟಿನಲ್ಲಿ ಮೈಸೂರಿನ ದಿಲೀಪ್ ಎಂಬ ಯುವಕ ಸಿಕ್ಕಿದ. ಮೆಲ್ಬರ್ನಿನ ಹೋಟೆಲೊಂದರಲ್ಲಿ ಅಡುಗೆ ಕೆಲಸ ಮಾಡುವವನು, ಒಳ್ಳೆಯವನು. ಬೆಲ್ಟ್ ಹಾಕಿಕೊಟ್ಟ, ಊಟದ ಡಬ್ಬಿ ಬಿಚ್ಚಿಕೊಟ್ಟ. ಮೆಲ್ಬರ್ನ್ ಹತ್ತಿರವಾದಾಗ ಗಗನಸಖಿ ಕಾರ್ಡ್ ಹಂಚಿದಳು.

“ಕೊಡಿ ಅಮ್ಮ, ನಾನು ತುಂಬಿಕೊಡ್ತೀನಿ” ಎಂದು ದಿಲೀಪ್ ಪೆನ್ನು ತೆಗೆದ. ಗುರುಮಲ್ಲಮ್ಮ ಮೀನಾ ಬರೆದ ಪಟ್ಟಿ ಕೊಟ್ಟರು. ಅವನು ಓದಿ ನಕ್ಕ.

“ಪುಡಿ, ಬೆಲ್ಲ... ಇದಕ್ಕೆಲ್ಲ ಯಾಕಮ್ಮ ಡಿಕ್ಲೇರ್? ಇಲ್ಲ ಅಂತ ಹಾಕ್ಬಿಡ್ತೀನಿ, ಆರಾಮಾಗಿ ಆಚೆ ಹೋಗ್ಬಹುದು. ಹೌದು ಅಂತ ಹಾಕಿದ್ರೆ ಬೇರೆ ಕ್ಯೂ, ಚೀಲ ಎಲ್ಲ ಬಿಚ್ಚಿಸ್ತಾರೆ. ಎಲ್ಲರೂ ಹೀಗೇ ಮಾಡೋದು.”

“ಬ್ಯಾಡ ಕಣಪ್ಪ. ಔದು ಅಂತ್ಲೇ ಆಕು. ಕಾರ್ಡು ತುಂಬೋನು ನೀನು, ಸಯಿನ್ ಆಕೋಳು ನಾನು.”

ದಿಲೀಪ್ ಹೌದು ಎಂದು ಗುರುತು ಹಾಕಿದ. ಆಮೇಲೆ ಕಾರ್ಡಿನ ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿದ. ಹಣ್ಣು ತರಕಾರಿ ಇದೆಯೇ? ಕಾಳು, ಬೀಜ, ಗೆಡ್ಡೆ, ಗಿಡದ ಯಾವುದಾದರೂ ಭಾಗ? ಮಣ್ಣು, ಮಣ್ಣು ಮೆತ್ತಿದ ವಸ್ತು?

“ಈ ಪಟ್ಟೀಲಿರೋದು ಬಿಟ್ಟು ಬೇರೇನಾದ್ರೂ ಇದ್ಯಾ ಅಮ್ಮ?”

ಗೆಡ್ಡೆ ಅಂದನಲ್ಲ, ಮಣ್ಣು ಅಂದನಲ್ಲ, ಅಲ್ಲೇ ಗುರುಮಲ್ಲಮ್ಮನಿಗೆ ಸೀರೆಯೊಳಗಿನ ಗಂಟು ನೆನಪಾಯಿತು. ಹೇಳಿದರೆ ಮಡಿಲಕ್ಕಿ ಹೋಗುತ್ತದೆ. ಊರ ಹೆಂಗಸರು ಕೊಟ್ಟದ್ದು. ಎರಡು ಸಲ ಬರಿದಾದ ಮಡಿಲಿಗೆಂದು ಕೊಟ್ಟದ್ದು. ಅದನ್ನು ಅಪರಿಚಿತರ ಕೈಗೆ ಹಾಕಿ ಮಗಳ ಮುಂದೆ ಹೇಗೆ ನಿಲ್ಲುವುದು? ಹೇಳದಿದ್ದರೆ? ಸೀರೆಯ ನಡುವೆ ಇದೆ, ಗೊತ್ತಾಗದೆಯೂ ಇರಬಹುದು. ಗೊತ್ತಾದರೆ ಈ ವಿಮಾನದಲ್ಲೇ ಹಿಂದಕ್ಕೆ. ಹೆರಿಗೆಯ ಹೊತ್ತಿಗೆ ಶಿವರಂಜನಿ ಒಬ್ಬಳೇ.

ಇನ್ನೂ ಒಂದು ಯೋಚನೆ ಬಂತು. ಆ ಕೊಂಬು ಬಂದದ್ದು ತಮ್ಮದೇ ಊರ ಮಣ್ಣಿನಿಂದ. ಕೊಳೆರೋಗ ಕಂಡ ಮಣ್ಣು. ಬದುವಿನ ಮೇಲೆ ಮಾತಿಲ್ಲದೆ ಕೂತ ಬೆಟ್ಟಯ್ಯ ಕಣ್ಣಮುಂದೆ ಬಂದ. ಹರಕೆಯ ಗಂಟಿನಲ್ಲಿ ಇನ್ನೊಬ್ಬರ ಮನೆಗೆ ರೋಗ ಹೊತ್ತುಕೊಂಡು ಹೋದರೆ ಅದು ಹರಕೆಯಾಗಿ ಉಳಿಯುತ್ತದೆಯೇ?

“ಅದೆ ಕಣಪ್ಪ” ಅಂದರು. “ಇನ್ನೊಂದು ಗಂಟದೆ. ಮಡ್ಲಕ್ಕಿ. ಅರಿಸಿನದ ಕೊಂಬದೆ, ಮಣ್ಣೂ ಅದೆ. ಬರ್ಕೋ.”

ದಿಲೀಪ್ ತಲೆ ಎತ್ತಿದ. “ಅಮ್ಮ, ಮಡಿಲಕ್ಕಿ ತೆಗೆದಿಟ್ಕೋತಾರೆ. ಗೊತ್ತಲ್ವಾ ನಿಮಗೆ?”

“ಗೊತ್ತು. ಬರಿ.”

ಈ ಎರಡು ಮಾತಿಗೆ ಎಷ್ಟು ಗಟ್ಟಿ ಗುಂಡಿಗೆ ಬೇಕು! ದೊಡ್ಡ ಓದು ಓದಿದವರೂ ಅರ್ಧ ಹೇಳಿ ಅರ್ಧ ನುಂಗಿಕೊಳ್ಳುವ ಜಾಗ ಅದು. ನಮ್ಮ ಉಡಿಗಾಲದ ಹೆಂಗಸು ಅಲ್ಲಿ ಪೂರ್ತಿ ಹೇಳಿದಳು. ದಿಲೀಪ್ ಬರೆದು, ಸಹಿ ಹಾಕಿಸಿಕೊಂಡ. ಆಮೇಲೆ ತನ್ನ ಕಾರ್ಡ್ ತೆಗೆದು ನೋಡಿದ, ಗಗನಸಖಿಯನ್ನು ಕರೆದು ಇನ್ನೊಂದು ಹೊಸ ಕಾರ್ಡ್ ಕೇಳಿ ತೆಗೆದುಕೊಂಡ. “ನನ್ನ ಚೀಲದಲ್ಲೂ ಅಮ್ಮ ಕಟ್ಟಿಕೊಟ್ಟ ಮೈಸೂರ್‌ಪಾಕ್ ಇದೆ” ಎಂದು ತಾನೇ ಹೇಳಿದ. ಗುರುಮಲ್ಲಮ್ಮ ಅವನನ್ನು ಏನೂ ಕೇಳಿರಲಿಲ್ಲ.

ಮೆಲ್ಬರ್ನಿನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಗುರುಮಲ್ಲಮ್ಮ ಕಾರ್ಡನ್ನೂ ಪಟ್ಟಿಯನ್ನೂ ಮುಂದೆ ಚಾಚಿದರು. ಮೇಜಿನ ಆಚೆ ನಡುವಯಸ್ಸಿನ ಒಬ್ಬ ಮಹಿಳಾ ಅಧಿಕಾರಿ, ಕೈಗೆ ಗ್ಲೌಸ್. ಕಾರ್ಡ್ ಓದಿದರು, ಪಟ್ಟಿ ಓದಿದರು. ಪುಡಿ, ಶುಂಠಿ, ಬೆಲ್ಲ, ವಿಭೂತಿ ಎಲ್ಲ ಒಂದೊಂದಾಗಿ ನೋಡಿದರು. ಬಳಿಕ ಹಸಿರು ಸೀರೆಯೊಳಗಿನ ಗಂಟು ಮೇಜಿಗೆ ಬಂತು. ಇದೇನು ಎಂದು ಕೇಳಿದರು. ಹಿಂದೆ ನಿಂತಿದ್ದ ದಿಲೀಪ್ ಇಂಗ್ಲಿಷಿನಲ್ಲಿ ಹೇಳಿದ: ಮಗಳು ತುಂಬು ಗರ್ಭಿಣಿ, ಊರಿನ ಹೆಂಗಸರೆಲ್ಲ ಸೇರಿ ಅವಳಿಗೆ ಹರಸಿ ಕಟ್ಟಿದ ಗಂಟು.

ಆ ಅಧಿಕಾರಿ ಗಂಟಿಗೆ ಹಾಕಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ಏನೋ ಹೇಳಿದರು.

“ಅಮ್ಮ, ನೀವೇ ಬಿಚ್ಚಿ ಅಂತಿದ್ದಾರೆ” ಅಂದ ದಿಲೀಪ್. “ಅವರು ಬಿಚ್ಚೋದು ಸರಿಯಲ್ಲವಂತೆ.”

ಗುರುಮಲ್ಲಮ್ಮನಿಗೆ ಕಣ್ಣು ಮಂಜಾಯಿತು. ಕೊರಳಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡು, ಗಂಟನ್ನು ತಮ್ಮ ಕೈಯಾರೆ ಬಿಚ್ಚಿದರು. ವೀಳ್ಯದೆಲೆ ಬಾಡಿತ್ತು. ಒಂದು ಕೊಂಬಿನ ತುದಿಯಲ್ಲಿ ಚಿಕ್ಕ ಮೊಳಕೆ ಕಾಣುತ್ತಿತ್ತು. ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಮಣ್ಣು ನೋಡಿದರು, ನಿಧಾನಕ್ಕೆ ತಲೆ ಆಡಿಸಿದರು. ಕೊಂಬು, ಎಲೆ, ಇನ್ನೂ ಕೆಲವು ಪದಾರ್ಥ ತೆಗೆದಿಟ್ಟುಕೊಂಡರು. ಉಳಿದದ್ದನ್ನೂ ಕುಪ್ಪಸದ ಬಟ್ಟೆಯನ್ನೂ ಎರಡು ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. ದಂಡವಿಲ್ಲ, ಗದರಿಕೆಯಿಲ್ಲ.

“ಏನಂದ್ರಪ್ಪ?”

“ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಂದ್ರು. ಹೇಳದೆ ಇದ್ದು ಇದು ಸಿಕ್ಕಿದ್ರೆ ದಂಡ ಹಾಕ್ಬೇಕಾಗ್ತಿತ್ತು, ವೀಸಾಕ್ಕೂ ತೊಂದರೆ ಆಗ್ಬಹುದಿತ್ತಂತೆ. ಮಗಳಿಗೆ ಒಳ್ಳೇದಾಗ್ಲಿ ಅಂದ್ರು.”

ಹೊರಗೆ ಸೋಮೇಶನ ಪಕ್ಕದಲ್ಲಿ ಶಿವರಂಜನಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವ್ವನನ್ನು ಕಂಡದ್ದೇ ಅಳು. ಗುರುಮಲ್ಲಮ್ಮ ಅಪ್ಪಿಕೊಂಡು ಮೊದಲು ಹೇಳಿದ್ದೇ ಆ ಮಾತು: “ಮಡ್ಲಕ್ಕಿ ಪೂರ್ತಿ ತರಕ್ಕಾಗ್ನಿಲ್ಲ ಕಣೆ ಮಗ. ನಾನೇ ಬಿಚ್ಚಿ ಕೊಟ್ಬುಟ್ಟೆ.”

“ಓದ್ರೆ ಓಗ್ಲಿ ಬುಡವ್ವ” ಅಂದಳು ಮಗಳು, ಆಸ್ಪತ್ರೆಯ ಇಂಗ್ಲಿಷೆಲ್ಲ ಮರೆತು, ಊರ ಮಾತಿನಲ್ಲೇ. “ನೀನು ಬಂದಲ್ಲ.”

ಮೂರನೇ ದಿನ ಬೆಳಿಗ್ಗೆ ಶಿವರಂಜನಿಗೆ ನೋವು ಶುರುವಾಯಿತು. ಹನ್ನೊಂದು ಗಂಟೆ ಒದ್ದಾಡಿದಳು. ಅಷ್ಟು ಹೊತ್ತೂ ಅವಳು ಹಿಡಿದುಕೊಂಡಿದ್ದು ಅವ್ವನ ಕೈ. ಉಗುರು ನಾಟಿ ಅವ್ವನ ಮುಂಗೈಯಲ್ಲಿ ರಕ್ತ ಬಂದಿತ್ತು. ಅವರಿಗೆ ಅದು ಗೊತ್ತಾದದ್ದು ಮೊಮ್ಮಗಳು ಅತ್ತ ಮೇಲೆಯೇ. ಹೌದು, ಹೆಣ್ಣುಮಗು. ಗಟ್ಟಿಮುಟ್ಟಾದ ಮಗು.

ಸೋಮೇಶ್ ಉಡಿಗಾಲಕ್ಕೆ ಫೋನು ಹಚ್ಚಿದ. ಗುರುಪಾದಸ್ವಾಮಿ ಅರಿಸಿನ ಬೇಯಿಸುವ ಒಲೆಯ ಮುಂದೆ ನಿಂತಿದ್ದರು, ಪಕ್ಕದಲ್ಲಿ ಬೆಟ್ಟಯ್ಯ, ಮೀನಾ. ಸುದ್ದಿ ಕೇಳಿ ಸ್ವಾಮಿಯವರ ಬಾಯಿಂದ ಮಾತೇ ಹೊರಡಲಿಲ್ಲ. ಆ ಬಾಯಿಗೆ ಬೀಗ ಬಿದ್ದದ್ದು ಅಂದೇ ಮೊದಲು ಅನ್ನುತ್ತಾರೆ ಊರವರು. ಆಮೇಲೆ ಗುರುಮಲ್ಲಮ್ಮ ವಿಮಾನದ ಕಥೆ, ಗಂಟಿನ ಕಥೆ ಎಲ್ಲ ಹೇಳಿದರು. ಸ್ವಾಮಿಯವರು ಮೂಗು ಒರೆಸಿಕೊಂಡರು.

“ಮುಚ್ಚಿಟ್ಕೊಂಡೋಗು ಅಂದೋನು ನಾನು. ನನ್ ಮಾತ್ ಕೇಳಿದ್ರೆ ನೀನು ಈಗ ಇಲ್ಲಿ ಒಲೆ ಮುಂದೆ ಕೂತಿರ್ತಿದ್ದೆ” ಅಂದರು. ಮತ್ತೆ ಮುಂದುವರಿಸಿದರು: “ಮಲ್ಲಮ್ಮ, ಒಂದ್ ಮಾತು. ಬರ್ವಾಗ ಅಲ್ಲಿಂದ ಚೆಂದಾಗದೆ ಅಂತ ಯಾವ ಗಿಡಾನೂ ಬೀಜಾನೂ ತರ್ಬೇಡ. ತಂದ್ರೆ ಇಲ್ಲೂ ಏರ್‌ಪೋರ್ಟಲ್ಲಿ ಹೇಳು. ನಮ್ಮೂರ ಹೊಲಾನೂ ಹೊಲಾನೇ.”

ಮೀನಾ ಫೋನಿನ ಹತ್ತಿರ ಬಾಯಿ ತಂದು, “ಕೇಳಿಸ್ತಾ ಅಮ್ಮ? ನನ್ನ ಕೆಲಸ ಈಗ ಯಜಮಾನ್ರೇ ಮಾಡ್ತಾವ್ರೆ” ಎಂದಳು. ಬೆಟ್ಟಯ್ಯನೂ ನಕ್ಕ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇನ್ನು ನಿಮ್ಮ ಸರದಿ. ನಿಮ್ಮ ಮನೆಯಿಂದಲೂ ಇಂದಲ್ಲ ನಾಳೆ ಯಾರಾದರೂ ವಿಮಾನ ಹತ್ತುತ್ತಾರೆ. ಒಂದೊಂದು ದೇಶಕ್ಕೂ ಒಂದೊಂದು ಕಾನೂನು. ಚೀಲ ಕಟ್ಟುವ ಮೊದಲೇ ಆ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ. ನೋಡಲು ಬಾರದಿದ್ದರೆ ನೋಡಬಲ್ಲವರನ್ನು ಕೇಳಿ. ಎಲ್ಲರೂ ಒಯ್ಯುತ್ತಾರೆ ಅನ್ನುವ ಮಾತನ್ನು ನಂಬಬೇಡಿ. ಒಯ್ಯುವುದರ ಪಟ್ಟಿ ಬರೆದು ಕೈಯಲ್ಲಿಟ್ಟುಕೊಳ್ಳಿ. ಕಾರ್ಡನ್ನು ಬೇರೆ ಯಾರೇ ತುಂಬಲಿ, ಏನು ಬರೆದರು ಎಂದು ಕೇಳಿ ತಿಳಿದುಕೊಂಡೇ ಸಹಿ ಹಾಕಿ. ಪ್ರಸಾದ, ಮಡಿಲಕ್ಕಿ, ನಾಟಿ ಔಷಧಿ, ಬೀಜ, ಚಪ್ಪಲಿಯ ಮಣ್ಣು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹೇಳಬೇಕೋ ಬೇಡವೋ ಎಂಬ ಅನುಮಾನ ಬಂತೇ? ಹೇಳಿಬಿಡಿ. ನಮ್ಮ ದೇಶಕ್ಕೆ ಮರಳಿ ಬರುವಾಗಲೂ ಹೀಗೆಯೇ ನಡೆದುಕೊಳ್ಳಿ.

ಸಾಮಾನು ಹೋದರೆ ಹೋಗಲಿ. ಬಾಗಿಲಲ್ಲಿ ನಿಂತು ಕಾಯುತ್ತಿರುವವರು ನಿಮ್ಮ ಚೀಲಕ್ಕಾಗಿ ಕಾದಿಲ್ಲ, ನಿಮಗಾಗಿ ಕಾದಿದ್ದಾರೆ.